ಗೊಬ್ಬರದ ಶೌಚಾಲಯ: ವಾಸನೆ ನಿಜವಾಗಲೂ ಬರಲ್ವಾ?

ಹನಿಲೆಕ್ಕ:
ಒಂದು ಸಲ ಫ್ಲಶ್ ಒತ್ತಿದರೆ 6ರಿಂದ 9 ಲೀಟರ್ ನೀರು ಹೋಗುತ್ತದೆ, ಹಳೇ ಟ್ಯಾಂಕ್ ಆದರೆ ಇನ್ನೂ ಜಾಸ್ತಿ. ಕುಡಿಯೋ ನೀರನ್ನೇ ಹೀಗೆ ಸುರಿಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗ ಹೊಸದು ಕಟ್ಟಿಸಬೇಕಿದೆ, ನೀರಿಲ್ಲದೆ ಗೊಬ್ಬರ ಆಗುವಂಥದ್ದನ್ನೇ ಕಟ್ಟಿಸೋಣ ಅಂತಿದ್ದೇನೆ. ಮನೆಯವರು ಮಾತ್ರ ನಾರುತ್ತದೆ, ಹುಳ ಆಗುತ್ತದೆ ಅಂತ ಪಟ್ಟು ಹಿಡಿದಿದ್ದಾರೆ. ಬಳಸುತ್ತಿರುವವರು ಹೇಳಿ. ತೊಳೆದುಕೊಂಡ ನೀರು ಎಲ್ಲಿಗೆ ಬಿಡಬೇಕು? ಗೊಬ್ಬರ ತರಕಾರಿಗೆ ಹಾಕಬಹುದಾ?

ಮಣ್ಣುಗೈ:
ನಾರೋದು ಜಾಸ್ತಿ ಮಲಕ್ಕೆ ಮೂತ್ರ ಸೇರಿದಾಗ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ರಾಶಿ ಒದ್ದೆಯಾಗಿ ಗಾಳಿ ಆಡದೆ ಕೊಳೆಯುತ್ತದೆ, ಮೂಗು ಮುಚ್ಚಿಕೊಳ್ಳುವ ಸ್ಥಿತಿ ಬರೋದು ಆಗಲೇ. ಅದಕ್ಕೇ ಮುಂದೆ ಮೂತ್ರಕ್ಕೆ, ಹಿಂದೆ ಮಲಕ್ಕೆ ಬೇರೆ ಬೇರೆ ದಾರಿ ಇರುವ ಪ್ಯಾನ್ ಹಾಕಿಸಿ. ಗಂಡಸರೂ ಕೂತೇ ಮಾಡಬೇಕು, ಇದನ್ನು ಒಪ್ಪಿಸೋದೇ ಎಷ್ಟೋ ಮನೆಗಳಲ್ಲಿ ಕಷ್ಟ! ಪ್ರತಿ ಸಲ ಒಂದೆರಡು ಹಿಡಿ ಒಣ ಮರದ ಪುಡಿಯೋ ಪುಡಿ ಮಾಡಿದ ತರಗೆಲೆಯೋ ಹಾಕಿ, ಕೆಳಗಿನದ್ದು ಏನೂ ಕಾಣಬಾರದು. ಹಾಗೆ ಮುಚ್ಚಿದರೆ ನೊಣ ಮೊಟ್ಟೆ ಇಡೋಕೂ ಜಾಗ ಸಿಗಲ್ಲ. ಗುಂಡಿಯಿಂದ ಚಾವಣಿಯ ಮೇಲಕ್ಕೆ ಒಂದು ಗಾಳಿ ಕೊಳವೆ, ತುದಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ.

ತೊಳೆಯೋದಕ್ಕೆ ಒಂದು ಹೆಜ್ಜೆ ಪಕ್ಕದಲ್ಲಿ ಬೇರೆ ಜಾಗ ಮಾಡಿ. ಆ ನೀರು ಗುಂಡಿಗೆ ಬಿದ್ದರೆ ಇಷ್ಟು ಮಾಡಿದ್ದೂ ದಂಡ. ಅದರಲ್ಲಿ ಮಲದ ಅಂಶ ಇರುತ್ತದೆ, ಹಾಗಾಗಿ ಸುಮ್ನೆ ಅಂಗಳಕ್ಕೆ ಬಿಡಬೇಡಿ. ನೆಲದಡಿಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿಗೆ ಹೋಗಲಿ, ಬಾವಿಯಿಂದ 30 ಮೀಟರ್ ಆದರೂ ದೂರ.

ಒಲೆಪಕ್ಕ:
ಮರದ ಪುಡಿ ಹುಡುಕಿಕೊಂಡು ಯಾಕೆ ಅಲೆಯಬೇಕು? ಬೂದಿ ಹಾಕಿದರೆ ಸಾಕು. ಬೇಗ ಒಣಗುತ್ತದೆ, ವಾಸನೆ ಹತ್ತಿರ ಸುಳಿಯಲ್ಲ.

ಮಣ್ಣುಗೈ:
ಒಣಗೋದು ನಿಜ. ಬೂದಿ, ಸುಣ್ಣ ಹಾಕಿದರೆ ಪಿಎಚ್, ಅಂದರೆ ಕ್ಷಾರದ ಗುಣ, ಏರಿ ರೋಗಾಣು ಸಾಯುತ್ತವೆ. ಆದರೆ ಗೊಬ್ಬರ ಮಾಡುವ ಜೀವಿಗಳಿಗೂ ಅದು ಆಗಿಬರಲ್ಲ, ಅಲ್ವಾ? ಒಣಗಿಸೋದು ಒಂದು ವಿಧಾನ, ಗೊಬ್ಬರ ಮಾಡೋದು ಇನ್ನೊಂದು. 1950ರ ದಶಕದಲ್ಲಿ ವಿಯೆಟ್ನಾಂನಲ್ಲಿ ಶುರುವಾದ ಜೋಡಿ ಗುಂಡಿ ಶೌಚಾಲಯದಲ್ಲಿ ಬೂದಿಯನ್ನೇ ಬಳಸುತ್ತಿದ್ದರು, ಅದು ಒಣಗಿಸುವ ಲೆಕ್ಕ. ಎರಡರಲ್ಲಿ ಒಂದನ್ನು ಹಿಡಿಯಿರಿ.

ಬೇರುಬುಡ:
ತರಕಾರಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ಅವಸರ ಬೇಡವೇ ಬೇಡ. ಜಂತುಹುಳದ ಮೊಟ್ಟೆ ತುಂಬಾ ಗಟ್ಟಿಪಿಂಡ, ಬೇರೆ ರೋಗಾಣು ಸತ್ತ ಮೇಲೂ ಅದು ಉಳಿದಿರುತ್ತದೆ. ರಾಶಿ ಪೂರ್ತಿ 50 ಡಿಗ್ರಿ ದಾಟಿ ಒಂದು ವಾರವಾದರೂ ಹಾಗೇ ಇದ್ದರೆ ಸಾಯುತ್ತದೆ, ಆದರೆ ಮನೆಯ ಸಣ್ಣ ಗುಂಡಿ ಅಷ್ಟು ಬಿಸಿಯಾಗೋದು ಅಪರೂಪ. ಆದ್ದರಿಂದ ಕಾಲವನ್ನೇ ನಂಬಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಪ್ರಕಾರ, ಬರೀ ಕೂಡಿಡೋದಾದರೆ 20ರಿಂದ 35 ಡಿಗ್ರಿ ಸೆಕೆ ಇರುವ ಕಡೆ 1 ವರ್ಷಕ್ಕಿಂತ ಜಾಸ್ತಿ, ಅದಕ್ಕಿಂತ ತಂಪಿದ್ದರೆ ಒಂದೂವರೆಯಿಂದ 2 ವರ್ಷ ಬಿಡಬೇಕು. ಗುಂಡಿಗೆ ಕೊನೆಯ ಸಲ ಹಾಕಿದ ದಿನದಿಂದ ಲೆಕ್ಕ. ಎರಡು ಗುಂಡಿ ಬೇಕಾಗೋದು ಇದಕ್ಕೇ, ಒಂದು ತುಂಬುವಾಗ ಇನ್ನೊಂದು ಸುಮ್ಮನಿರುತ್ತದೆ. ಆಮೇಲೂ ನಾನಾದರೆ ಹಣ್ಣಿನ ಮರದ ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆ, ಹಸಿಯಾಗಿ ತಿನ್ನುವ ಸೊಪ್ಪಿಗೆ, ಗಡ್ಡೆಗೆ ಹಾಕಲ್ಲ.

ಸಾರಜನಕ ಬಹುಪಾಲು ಇರೋದು ಮೂತ್ರದಲ್ಲಿ. ಬಿಗಿ ಮುಚ್ಚಳದ ಕ್ಯಾನ್‌ನಲ್ಲಿ ಹಿಡಿದಿಡಿ, ಬಾಯಿ ತೆರೆದಿದ್ದರೆ ಅದು ಅಮೋನಿಯಾ ಆಗಿ ಹಾರಿಹೋಗುತ್ತದೆ. 1 ಪಾಲಿಗೆ 5ರಿಂದ 10 ಪಾಲು ನೀರು ಬೆರೆಸಿ ಬುಡದ ಮಣ್ಣಿಗೆ ಹಾಕಿ, ಎಲೆ ಮೇಲೆ ಬೇಡ.

ಹನಿಲೆಕ್ಕ:
ತುಂಬಾ ಉಪಯೋಗ ಆಯ್ತು. ಇನ್ನೊಂದು ಪ್ರಶ್ನೆ, ಮಳೆಗಾಲದಲ್ಲಿ ನಮ್ಮಲ್ಲಿ ನಾಲ್ಕಡಿ ಅಗೆದರೆ ನೀರು ಬರುತ್ತದೆ. ಮತ್ತೆ ಫಿನಾಯಿಲ್ ಹಾಕಿ ತೊಳೆಯಬಹುದಾ?

ಮಣ್ಣುಗೈ:
ಹಾಗಾದರೆ ಅಗೆಯಲೇ ಬೇಡಿ. ಗುಂಡಿಯನ್ನು ನೆಲದ ಮೇಲೆ ಕಟ್ಟಿಸಿ, ತಳಕ್ಕೆ ಕಾಂಕ್ರೀಟ್, ಹಿಂದೆ ಗೊಬ್ಬರ ತೆಗೆಯಲು ಬಾಗಿಲು, ನೀವು ಮೆಟ್ಟಿಲು ಹತ್ತಿ ಹೋಗಬೇಕಷ್ಟೆ. ಫಿನಾಯಿಲ್ ಬೇಡ, ಒಳಗಿನ ಜೀವಿಗಳನ್ನು ಕೊಲ್ಲುತ್ತದೆ. ಪ್ಯಾನ್ ಅನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.