ಕೂಲಂಟ್ ಕಡಿಮೆಯಾಗುತ್ತಿದೆ, ಎಂಜಿನ್ ಕಾಯುತ್ತಿದೆ: ಹೆಡ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ

ನನ್ನದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಇದುವರೆಗೆ 92,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ವಾಹನ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ ಹೀಟ್ ಗೇಜಿನ ಮುಳ್ಳು ನಡುಗೆರೆ ದಾಟಿ ಮೇಲೇರುತ್ತದೆ, ರಸ್ತೆ ತೆರವಾಗಿ ವೇಗ ಸಿಕ್ಕೊಡನೆ ಇಳಿಯುತ್ತದೆ. ಅದರ ಜೊತೆಗೆ ಹತ್ತು ದಿನಕ್ಕೊಮ್ಮೆ ಕೂಲಂಟ್ ಟ್ಯಾಂಕಿಗೆ ಅರ್ಧ ಲೀಟರಿನಷ್ಟು ಸುರಿಯಬೇಕಾಗಿದೆ, ಆದರೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಕೂಲಂಟ್ ಕೈಯಲ್ಲಿಲ್ಲದಾಗ ನಲ್ಲಿ ನೀರನ್ನೇ ಹಾಕಿದ್ದುಂಟು. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ಕೂಲಂಟ್ ಬಿಡುವ ಕವಾಟ) ಬದಲಾಯಿಸಿದರು, ಗುಣ ಕಾಣಲಿಲ್ಲ. ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಬಿಚ್ಚಲೇಬೇಕು ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಏನೇನು ಪರೀಕ್ಷಿಸಬೇಕೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನೀವು ಹೇಳಿರುವುದರಲ್ಲಿ ದೋಷ ಎರಡಿರಬಹುದು. ಎಂಜಿನ್ ಕಾಯುವುದು ಒಂದು, ಕೂಲಂಟ್ ಇಳಿಯುವುದು ಇನ್ನೊಂದು. ಮೊದಲನೆಯದರ ಬಗ್ಗೆ ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ಅದನ್ನು ನಾನು ಒಂದೂವರೆ ವರ್ಷ ಅನುಭವಿಸಿದ್ದೇನೆ.

ಎಂಜಿನ್ ಯಾವಾಗ ಕಾಯುತ್ತದೆ ಎಂಬುದೇ ಅರ್ಧ ಉತ್ತರ. ನಿಂತಾಗ ಕಾದು, ಓಡುವಾಗ ತಣಿಯುತ್ತಿದ್ದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಓಡುವಾಗ ಎದುರುಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಪೇಟೆಯೊಳಗೆ ಸುಮ್ಮನಿದ್ದು ಹೆದ್ದಾರಿಯ ವೇಗದಲ್ಲಿ ಅಥವಾ ಏರು ಹತ್ತುವಾಗ ಕಾಯುವ ಗಾಡಿಯಲ್ಲಿ ಕೂಲಂಟಿನ ಹರಿವು ಸಾಲುತ್ತಿರುವುದಿಲ್ಲ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್, ರೆಕ್ಕೆ ಸವೆದ ವಾಟರ್ ಪಂಪ್, ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್, ಇವನ್ನು ಅಲ್ಲಿ ಶಂಕಿಸಬೇಕು. ತಣ್ಣಗಿದ್ದ ಎಂಜಿನ್ ಶುರುವಾದ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪಿಗೆ ಹೋದರೆ ಅದು ಮೂರನೆಯ ಬಗೆ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು ಅಥವಾ ಒಳಗೆ ಗಾಳಿ ಸೇರಿರಬಹುದು. ನಿಮ್ಮದು ಮೊದಲನೆಯ ಬಗೆಯಾದ್ದರಿಂದ ಥರ್ಮೋಸ್ಟಾಟನ್ನು ಏಕೆ ಬದಲಾಯಿಸಿದರೋ ನನಗೆ ಅರ್ಥವಾಗಲಿಲ್ಲ.

ಎಂಜಿನ್ ಚಾಲನೆಯಲ್ಲಿಟ್ಟು ಏ.ಸಿ. ಹಾಕಿರಿ. ಹೆಚ್ಚಿನ ಕಾರುಗಳಲ್ಲಿ ಏ.ಸಿ. ಹಾಕಿದ ಸ್ವಲ್ಪ ಹೊತ್ತಿನಲ್ಲಿಯೇ, ಎಂಜಿನ್ ಕಾದಿರದಿದ್ದರೂ, ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸನ್ನೂ ರಿಲೇಯನ್ನೂ (ಫ್ಯಾನಿಗೆ ಕರೆಂಟ್ ಹಾಯಿಸುವ ಸ್ವಿಚ್ಚು) ನೋಡಿ. ಅದೇ ಪೆಟ್ಟಿಗೆಯಲ್ಲಿ ಅದೇ ಗುರುತಿನ ಬೇರೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದು ಸುಲಭ. ಆಮೇಲೆ ಮೆಕ್ಯಾನಿಕ್‌ಗೆ ಹೇಳಿ ಮೋಟಾರಿಗೆ ನೇರವಾಗಿ ಬ್ಯಾಟರಿಯಿಂದ ಕರೆಂಟ್ ಕೊಡಿಸಿದರೆ ದೋಷ ಮೋಟಾರಿನಲ್ಲಿದೆಯೋ ವೈರಿಂಗಿನಲ್ಲಿದೆಯೋ ಗೊತ್ತಾಗುತ್ತದೆ. ನನ್ನ ಕಾರಿನಲ್ಲಿ ಫ್ಯಾನಿಗೆ ಎರಡು ವೇಗಗಳಿದ್ದವು, ನಿಧಾನದ ವೇಗಕ್ಕೆ ಕರೆಂಟನ್ನು ತಗ್ಗಿಸುವ ರೆಸಿಸ್ಟರ್ ಸುಟ್ಟುಹೋಗಿತ್ತು. ಎಂಜಿನ್ ಮಿತಿಮೀರಿ ಕಾದ ಮೇಲೆ ಜೋರಿನ ವೇಗದಲ್ಲಿ ಫ್ಯಾನ್ ಹೊರಡುತ್ತಿದ್ದರಿಂದ ‘ಫ್ಯಾನ್ ಸರಿಯಾಗಿಯೇ ಇದೆ’ ಎಂದು ಮೂವರು ಮೆಕ್ಯಾನಿಕ್‌ಗಳು ತೀರ್ಪು ಕೊಟ್ಟಿದ್ದರು. ಗಾಡಿ ನಿಂತಾಗ ನಿಮ್ಮ ಏ.ಸಿ.ಯ ತಂಪು ಕೂಡ ಕಡಿಮೆಯಾಗುತ್ತದೆಯೇ? ಹಾಗಿದ್ದರೆ ನನ್ನ ಸಂಶಯ ಗಟ್ಟಿಯಾಗುತ್ತದೆ.

ಫ್ಯಾನ್ ಸರಿಯಾಗಿದ್ದರೆ ರೇಡಿಯೇಟರಿಗೂ ಅದರ ಮುಂದಿರುವ ಏ.ಸಿ. ಕಂಡೆನ್ಸರಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಸ್ವಚ್ಛವಾಗಿ ಕಾಣುವ ಎಷ್ಟೋ ಗಾಡಿಗಳಲ್ಲಿ ಆ ಸಂದಿಯೊಳಗೆ ಧೂಳು, ಹುಳುಹುಪ್ಪಟೆ, ಒಣ ಎಲೆಗಳು ಕಂಬಳಿಯಂತೆ ಕಟ್ಟಿಕೊಂಡಿರುತ್ತವೆ. ತೊಳೆಸುವಾಗ ಎಂಜಿನ್ ಕಡೆಯಿಂದ ಹೊರಗೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಲು ಹೇಳಿ. ಪ್ರೆಷರ್ ವಾಶರ್ ಹಿಡಿದರೆ ತೆಳುವಾದ ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ.

ಉತ್ತರ 2

ಮೇಲಿನವರು ಬಿಟ್ಟಿರುವ ಎರಡನೆಯ ದೋಷವನ್ನು ನಾನು ಹಿಡಿಯುತ್ತೇನೆ. ಕೂಲಂಟ್ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುತ್ತಿರುವ ಅದು ಹತ್ತು ದಿನಕ್ಕೆ ಅರ್ಧ ಲೀಟರ್ ಇಳಿಯುತ್ತಿದೆಯೆಂದರೆ ಎಲ್ಲಿಂದಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಸಿಲಿಂಡರಿನೊಳಗೆ ಉರಿದುಹೋಗುತ್ತಿದೆ. ನೆಲದ ಮೇಲೆ ಹನಿ ಇಲ್ಲವೆಂಬ ಒಂದೇ ಕಾರಣಕ್ಕೆ ಎರಡನೆಯದನ್ನು ನಂಬಬೇಡಿ. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುವ ಸಣ್ಣ ಬಿರುಕಿನಿಂದ ಜಿನುಗಿದ ಕೂಲಂಟ್ ಕಾದ ಲೋಹದ ಮೇಲೆ ಅಲ್ಲಿಯೇ ಆವಿಯಾಗುತ್ತದೆ. ಬೆಳಿಗ್ಗೆ ನೀವು ಬಗ್ಗಿ ನೋಡುವ ಹೊತ್ತಿಗೆ ಒತ್ತಡವೂ ಇಲ್ಲ, ಬಿರುಕೂ ಮುಚ್ಚಿಕೊಂಡಿರುತ್ತದೆ. ಉಳಿಯುವುದು ಬಿಳಿಯ ಅಥವಾ ಕೂಲಂಟಿನ ಬಣ್ಣದ ಒಣ ಕಲೆ ಮಾತ್ರ. ಆ ಕಲೆಯನ್ನು ಹುಡುಕಬೇಕು: ಹೋಸ್‌ಗಳ ಕ್ಲಾಂಪಿನ ಸುತ್ತ, ವಾಟರ್ ಪಂಪಿನ ಕೆಳಗಿರುವ ಸಣ್ಣ ರಂಧ್ರದ ಬಳಿ, ರೇಡಿಯೇಟರಿನ ಪ್ಲಾಸ್ಟಿಕ್ ಪಕ್ಕೆಯು ಅಲ್ಯೂಮಿನಿಯಂಗೆ ಕೂಡುವ ಅಂಚಿನಲ್ಲಿ, ಕೂಲಂಟ್ ಟ್ಯಾಂಕಿನ ಬೆಸುಗೆಯ ಗೆರೆಯಲ್ಲಿ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದು, ಹೀಟರ್ ಹಾಕಿದಾಗ ಸಿಹಿ ವಾಸನೆ ಬಂದು, ಗಾಜಿನ ಒಳಮೈಗೆ ಎಣ್ಣೆಯಂಥ ಮಂಜು ಕಟ್ಟಿದರೆ ಸೋರುತ್ತಿರುವುದು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್, ಅಂದರೆ ಹೀಟರಿನ ಪುಟ್ಟ ರೇಡಿಯೇಟರ್.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಅಥವಾ ಕೂಲಂಟ್ ಟ್ಯಾಂಕಿನ ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ನಮೂದಾಗಿರುವಷ್ಟು ಒತ್ತಡ ಕೊಟ್ಟು ಕನಿಷ್ಠ ಹದಿನೈದು ನಿಮಿಷ ಕಾಯಬೇಕು. ಎರಡು ನಿಮಿಷ ನೋಡಿ ‘ಲೀಕ್ ಇಲ್ಲ’ ಎಂದು ಕಳಚುವವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಮುಚ್ಚಳವನ್ನೂ ಅದೇ ಉಪಕರಣದಲ್ಲಿ ಪರೀಕ್ಷಿಸಬಹುದು, ಅದನ್ನು ಮಾತ್ರ ಮರೆಯಬೇಡಿ. ಸಾಮಾನ್ಯ ಗಾಳಿಯ ಒತ್ತಡದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಅರ್ಧ ಕೂಲಂಟ್ ಅರ್ಧ ನೀರಿನ ಮಿಶ್ರಣ ಸುಮಾರು 107ರಲ್ಲಿ. ಅದೇ ಮಿಶ್ರಣ 1.1 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಹಿಡಿದಿಡುವ ಮುಚ್ಚಳದ ಕೆಳಗೆ 129 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ಇರುತ್ತದೆ. ಮುಚ್ಚಳದ ರಬ್ಬರ್ ಸೆಟೆದುಕೊಂಡು ಅಥವಾ ಎಲ್ಲೋ ಸಣ್ಣದಾಗಿ ಸೋರಿ ಒತ್ತಡ ನಿಲ್ಲದೆ ಹೋದರೆ ಆ ಇಪ್ಪತ್ತೆರಡು ಡಿಗ್ರಿಗಳ ರಕ್ಷಣೆಯೇ ಹೋಗುತ್ತದೆ. ನೀವು ಸುರಿದ ನೀರಿನಿಂದ ಮಿಶ್ರಣ ತೆಳುವಾಗಿರುವುದರಿಂದ ನಿಮ್ಮ ಗಾಡಿಯಲ್ಲಿ ಅದು ಇನ್ನೂ ಬೇಗ ಕುದಿಯುತ್ತದೆ. ಆದ್ದರಿಂದ ದೋಷಗಳು ಎರಡೇ ಇದ್ದರೂ ಒಂದು ಇನ್ನೊಂದನ್ನು ಹೆಚ್ಚಿಸುತ್ತಿರಬಹುದು.

ನನ್ನ ಕಥೆ ಸಣ್ಣದು. ಹೊಸ ಹೋಸ್‌ಗಳು, ಹೊಸ ಪಂಪ್ ಎಲ್ಲ ಹಾಕಿಸಿದ ನಂತರ ಸಿಕ್ಕಿದ್ದು ಕೂಲಂಟ್ ಟ್ಯಾಂಕಿನ ತಳದಲ್ಲಿ ಕೂದಲೆಳೆಯಂಥ ಒಂದು ಸೀಳು.

ಉತ್ತರ 3

ಇಪ್ಪತ್ತು ವರ್ಷಗಳಿಂದ ಎಂಜಿನ್ ಕೆಲಸ ಮಾಡುತ್ತಿರುವವನಾಗಿ ಹೇಳುತ್ತೇನೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂಬುದನ್ನು ಹೆಡ್ ಬಿಚ್ಚದೆಯೇ ತೋರಿಸಿಕೊಡಲು ಸಾಧ್ಯವಿದೆ, ಬಿಚ್ಚಿಸಲು ಹೇಳುವವರಿಂದ ಆ ಸಾಕ್ಷ್ಯವನ್ನು ಕೇಳುವ ಹಕ್ಕು ಗಾಡಿಯ ಒಡೆಯರಿಗಿದೆ.

ಎಲ್ಲಕ್ಕಿಂತ ಸರಳವಾದದ್ದು ಬ್ಲಾಕ್ ಟೆಸ್ಟರ್. ನೀಲಿ ದ್ರವವಿರುವ ಒಂದು ಕೊಳವೆಯನ್ನು ಕೂಲಂಟ್ ಟ್ಯಾಂಕಿನ ಬಾಯಿಗೆ ಹಿಡಿದು, ಎಂಜಿನ್ ಓಡುತ್ತಿರುವಾಗ ಅಲ್ಲಿನ ಗಾಳಿಯನ್ನು ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ನೀಲಿ ದ್ರವ ಹಳದಿಗೆ ತಿರುಗುತ್ತದೆ. ದೋಷ ಆರಂಭದ ಹಂತದಲ್ಲಿದ್ದರೆ ಒಮ್ಮೆ ಬಣ್ಣ ಬದಲಾಗದೆ ಇರಬಹುದು, ಆದ್ದರಿಂದ ಎಂಜಿನ್ ಚೆನ್ನಾಗಿ ಕಾದ ಮೇಲೆ ಇನ್ನೊಮ್ಮೆ ಮಾಡಬೇಕು.

ಉಪಕರಣವಿಲ್ಲದೆ ನೀವೇ ಗಮನಿಸಬಹುದಾದವೂ ಇವೆ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ನನ್ನು ಶುರು ಮಾಡಿ ಒಂದೆರಡು ನಿಮಿಷದಲ್ಲಿ ಮೇಲಿನ ಹೋಸ್ ಹಿಸುಕಿ ನೋಡಿ. ಕೂಲಂಟ್ ಇನ್ನೂ ಬೆಚ್ಚಗಾಗುವ ಮೊದಲೇ ಹೋಸ್ ಕಲ್ಲಿನಂತಾಗಿದ್ದರೆ ಆ ಒತ್ತಡ ಸಿಲಿಂಡರಿನಿಂದ ಬಂದಿದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಒಂದು ಸಿಲಿಂಡರ್ ತಪ್ಪಿ ಎಂಜಿನ್ ನಡುಗಿ ಆಮೇಲೆ ಸರಿಹೋಗುವುದು, ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಸ್ವಚ್ಛವಾಗಿರುವುದು, ಎಂಜಿನ್ ಪೂರ್ತಿ ಕಾದ ನಂತರವೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು ಕೂಡ ಗ್ಯಾಸ್ಕೆಟ್ ಕಡೆಗೆ ಬೆರಳು ತೋರಿಸುತ್ತವೆ. ಆಯಿಲ್ ಮುಚ್ಚಳದ ಕೆಳಗೆ ಕೆನೆಯಂಥದ್ದು ಕಂಡಿತೆಂದು ಹೆದರಬೇಡಿ. ಗಾಡಿಯನ್ನು ಬರಿಯ ಎರಡು ಮೂರು ಕಿಲೋಮೀಟರ್ ಓಡಿಸುವವರಲ್ಲಿ ತೇವಾಂಶದಿಂದಲೇ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಬರುವ ಆಯಿಲ್ಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಾಡಿಯನ್ನು ಇನ್ನು ಶುರು ಮಾಡದೆ ಎಳೆಸಿಕೊಂಡು ಹೋಗಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸುತ್ತೇನೆ. ಮುಳ್ಳು ಏರಿದಾಗ ನೀವು ಎಷ್ಟು ದೂರ ಓಡಿಸುತ್ತಿದ್ದೀರಿ? ಅನೇಕ ಕಾರುಗಳಲ್ಲಿ ಕೂಲಂಟಿನ ಉಷ್ಣತೆ ಸಾಕಷ್ಟು ಏರಿಳಿದರೂ ಮುಳ್ಳು ನಡುವಿನಲ್ಲಿಯೇ ನಿಲ್ಲುವಂತೆ ಮಾಡಿರುತ್ತಾರೆ, ಹಾಗಾಗಿ ಅದು ಕದಲಿದೆಯೆಂದರೆ ವಿಷಯ ಈಗಾಗಲೇ ಮುಂದೆ ಹೋಗಿದೆ. ಕೂಲಂಟ್ ತೀರಾ ಇಳಿದು ಸೆನ್ಸರ್ ಬರಿಯ ಹಬೆಯಲ್ಲಿ ನಿಂತಾಗ ಮುಳ್ಳು ಸುಳ್ಳಾಗಿ ಕೆಳಗಿಳಿಯುವುದೂ ಉಂಟು. ಏ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸುರಕ್ಷಿತವಾದ ಜಾಗ ಸಿಕ್ಕೊಡನೆ ನಿಲ್ಲಿಸಿ ಎಂಜಿನ್ ಆರಿಸಿ. ಮುಚ್ಚಳವನ್ನು ಕೈಯಿಂದ ಮುಟ್ಟಿದರೂ ಸುಡದಷ್ಟು ತಣಿಯುವವರೆಗೆ ತೆರೆಯಬೇಡಿ. ಒತ್ತಡ ಹೋದ ಕ್ಷಣದಲ್ಲಿ ಒಳಗಿರುವುದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ, ಅಂಥ ಒಂದು ಸುಟ್ಟ ಗಾಯ ನನ್ನ ಎಡಗೈ ಮೇಲೆ ಇಂದಿಗೂ ಇದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ, ಇಲ್ಲದ ಗ್ಯಾಸ್ಕೆಟ್ ದೋಷವನ್ನು ನೀವೇ ತಂದುಕೊಂಡಂತಾಗುತ್ತದೆ.

ಉತ್ತರ 4

ಥರ್ಮೋಸ್ಟಾಟ್ ಬದಲಾಯಿಸಿದರೂ ಗುಣವಾಗಲಿಲ್ಲವೆಂದರೆ ಮುಂದಿನ ಸಲಹೆ ‘ಅದನ್ನು ತೆಗೆದೇ ಬಿಡಿ’ ಎಂಬುದಾಗಿರುತ್ತದೆ. ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ವಿನ್ಯಾಸಗಳಲ್ಲಿ ರೇಡಿಯೇಟರನ್ನು ತಪ್ಪಿಸಿ ಹೋಗುವ ಅಡ್ಡದಾರಿಯನ್ನು ಮುಚ್ಚುವುದೂ ಥರ್ಮೋಸ್ಟಾಟೇ ಆದ್ದರಿಂದ, ಅದಿಲ್ಲದೆ ಎಂಜಿನ್ ಇನ್ನೂ ಹೆಚ್ಚು ಕಾಯಬಹುದು. ಹಳೆಯದನ್ನು ಎಸೆದಿಲ್ಲದಿದ್ದರೆ ಒಂದು ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿ. ತೆರೆಯಬೇಕಾದ ಉಷ್ಣತೆಯನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ, ಸಾಮಾನ್ಯವಾಗಿ 82ರಿಂದ 92 ಡಿಗ್ರಿಯ ನಡುವೆ.

ಉತ್ತರ 5

ನಲ್ಲಿ ನೀರಿನ ವಿಷಯವನ್ನು ಯಾರೂ ಪೂರ್ತಿಯಾಗಿ ಹೇಳಲಿಲ್ಲ. ಗಡಸು ನೀರಿನ ಸುಣ್ಣದಂಶ ರೇಡಿಯೇಟರಿನ ಕಿರುನಾಳಗಳಲ್ಲಿ ಪದರ ಕಟ್ಟುತ್ತದೆ. ತುಕ್ಕು ತಡೆಯಲೆಂದು ಕೂಲಂಟಿನಲ್ಲಿ ಬೆರೆಸಿರುವ ಅಂಶಗಳೂ ತೆಳುವಾಗುತ್ತವೆ. ದಾರಿಯ ನಡುವೆ ಬೇರೆ ಉಪಾಯವಿಲ್ಲದಾಗ ಹಾಕಿದ್ದು ತಪ್ಪಲ್ಲ, ಹಾಗೆಯೇ ಬಿಟ್ಟಿದ್ದು ತಪ್ಪು. ಸೋರಿಕೆ ಸರಿಯಾದ ಮೇಲೆ ಎಲ್ಲವನ್ನೂ ಬಸಿದು, ಡಿಸ್ಟಿಲ್ಡ್ ನೀರಿನಿಂದ ತೊಳೆದು, ಹೊಸದನ್ನು ತುಂಬಿಸಿ. ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಹಸಿರು, ಕೆಂಪು, ನೀಲಿ ಎಂಬುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು, ಅದಕ್ಕೊಂದು ಸಾರ್ವತ್ರಿಕ ನಿಯಮವಿಲ್ಲ; ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಮಾನದಂಡವನ್ನೇ ಡಬ್ಬಿಯ ಮೇಲೆ ಹುಡುಕಬೇಕು. ಒಂದಕ್ಕೊಂದು ಹೊಂದದ ಎರಡು ಬಗೆಗಳನ್ನು ಬೆರೆಸಿದ್ದರಿಂದ ನನ್ನ ಹಳೆಯ ಗಾಡಿಯ ಟ್ಯಾಂಕಿನಲ್ಲಿ ಗಂಜಿಯಂಥ ಕೆಸರು ಸೇರಿ, ಕೊನೆಗೆ ಹೀಟರ್ ಕೋರ್ ಕಟ್ಟಿಹೋಯಿತು. ಸೋರಿಕೆ ನಿಲ್ಲಿಸುತ್ತವೆಂದು ಮಾರುವ ಪುಡಿ ಮತ್ತು ದ್ರವಗಳಿಂದಲೂ ಅದೇ ಅಪಾಯವಿದೆ. ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ ನೀರು ಬೆರೆಸದ ಗಟ್ಟಿ ಕೂಲಂಟ್ ಹೆಚ್ಚು ಒಳ್ಳೆಯದು ಎಂಬುದು. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು, ಆದ್ದರಿಂದಲೇ ಸಮಪಾಲಿನ ಮಿಶ್ರಣ.

ತುಂಬಿಸುವಾಗ ಏರ್ ಲಾಕ್ ಆಗದಂತೆ, ಅಂದರೆ ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಹೀಟರನ್ನು ಬಿಸಿಗಿಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ ನಿಧಾನವಾಗಿ ಸುರಿಯಬೇಕು. ಎಂಜಿನ್ ಕಾದ ಮೇಲೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಒಳಗೆ ಗಾಳಿ ಉಳಿದಿರುವ ಸಂಭವವಿದೆ. ಬಸಿದ ಕೂಲಂಟನ್ನು ತೆರೆದ ಪಾತ್ರೆಯಲ್ಲಿ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಸಾಯಲು.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಮೊದಲ ಉತ್ತರ ಓದಿದ ದಿನವೇ ಏ.ಸಿ. ಹಾಕಿ ನೋಡಿದೆ, ಫ್ಯಾನ್ ಕದಲಲಿಲ್ಲ. ಗಾಡಿ ನಿಂತಾಗ ಏ.ಸಿ.ಯ ತಂಪು ಇಳಿಯುತ್ತಿದ್ದುದೂ ನಿಜ, ಅದು ಬೇರೆ ತೊಂದರೆಯೆಂದು ನಾನು ಎಣಿಸಿದ್ದೆ. ರಿಲೇಗಳು ಸರಿಯಾಗಿದ್ದವು, ನಿಧಾನದ ವೇಗದ ರೆಸಿಸ್ಟರ್ ತುಂಡಾಗಿತ್ತು. ಗ್ಯಾಸ್ಕೆಟ್ ಹೋಗಿದೆ ಎಂದವರ ಬಳಿಗೆ ಮರಳದೆ ಬೇರೆ ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಮಾಡಿಸಿದೆ. ಎಂಜಿನ್ ತಣ್ಣಗಿದ್ದಾಗಲೂ ಕಾದಾಗಲೂ ದ್ರವ ನೀಲಿಯಾಗಿಯೇ ಉಳಿಯಿತು. ಪ್ರೆಷರ್ ಟೆಸ್ಟಿನಲ್ಲಿ ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಹನ್ನೆರಡನೆಯ ನಿಮಿಷದ ಹೊತ್ತಿಗೆ ಫ್ಯಾನಿನ ಹೊದಿಕೆಯ ಹಿಂದೆ, ರೇಡಿಯೇಟರಿನ ಪ್ಲಾಸ್ಟಿಕ್ ಅಂಚಿನಿಂದ ಒಂದು ಹನಿ ಮೂಡಿತು. ಹೊದಿಕೆ ತೆಗೆದಾಗ ಅಲ್ಲಿ ಬೆರಳಗಲದ ಬಿಳಿ ಕಲೆ ಇತ್ತು. ರೇಡಿಯೇಟರ್, ರೆಸಿಸ್ಟರ್, ಮುಚ್ಚಳ ಮೂರನ್ನೂ ಬದಲಾಯಿಸಿ, ತೊಳೆಸಿ, ಕೈಪಿಡಿಯಲ್ಲಿ ಹೇಳಿದ ಕೂಲಂಟ್ ತುಂಬಿಸಿದೆವು. ಮೊದಲ ದಿನ ಹೀಟರ್ ತಣ್ಣಗಿತ್ತು, ಮತ್ತೊಮ್ಮೆ ಗಾಳಿ ತೆಗೆಸಬೇಕಾಯಿತು.

ಟ್ಯಾಂಕಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡುತ್ತೇನೆ, ಐದು ವಾರಗಳಲ್ಲಿ ಮಟ್ಟ ಇಳಿದಿಲ್ಲ. ಗಾಡಿಯ ಸೆನ್ಸರುಗಳ ಅಂಕಿ ತೋರಿಸುವ ಸ್ಕ್ಯಾನರ್ ಜೋಡಿಸಿ ದಟ್ಟಣೆಯಲ್ಲಿ ಓಡಿಸಿದಾಗ ಉಷ್ಣತೆ 98 ಡಿಗ್ರಿ ದಾಟಲಿಲ್ಲ. ಹಳೆಯ ಥರ್ಮೋಸ್ಟಾಟ್ ಡಿಕ್ಕಿಯಲ್ಲಿಯೇ ಉಳಿದಿತ್ತು, ಅದನ್ನೂ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದೆ. ಮೇಲೆ 88 ಎಂದು ಅಚ್ಚಾಗಿದೆ, ಸರಿಯಾಗಿ 88ಕ್ಕೆ ತೆರೆದುಕೊಂಡಿತು.