ಸಹಾಯ ಬೇಕು: ಶಿರಸಿ ಕಡೆಯ ಹಳೇ ಟಾಕೀಸಿನ ಪ್ರೊಜೆಕ್ಟರ್, ರೀಲುಗಳನ್ನು ಉಳಿಸಬೇಕು

ನಮಸ್ಕಾರ. ಶಿರಸಿ ಹತ್ತಿರ ಮುಚ್ಚಿಹೋಗಿರುವ ಒಂದು ಟಾಕೀಸನ್ನು ಮಳೆಗಾಲದ ಒಳಗೆ ಕೆಡವುತ್ತಾರೆ. ಸಾಮಾನು ಗುಜರಿಗೆ ಹೋಗುವ ಮೊದಲು ಬೇಕಾದ್ದನ್ನು ತಗೊಂಡು ಹೋಗಿ ಎಂದು ಮಾಲೀಕರು ಒಪ್ಪಿದ್ದಾರೆ. ಕಟ್ಟಡವಂತೂ ಉಳಿಯುವುದಿಲ್ಲ. ಪ್ರೊಜೆಕ್ಟರ್ ರೂಮಿನಲ್ಲಿ ಇರುವುದನ್ನಾದರೂ ಉಳಿಸಿಕೊಳ್ಳೋಣ ಅಲ್ವಾ?

ಅಲ್ಲಿ ಎರಡು ಕಾರ್ಬನ್ ಆರ್ಕ್ ಪ್ರೊಜೆಕ್ಟರ್‌ಗಳಿವೆ. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಕರೆಂಟ್ ಹಾಯಿಸಿ ಬೆಳಕು ಮಾಡುತ್ತಿದ್ದ ಕಾಲದವು. ಕಡ್ಡಿ ಸವೆಯುತ್ತಿದ್ದರಿಂದ ಆಪರೇಟರ್ ಅಲ್ಲಾಡುವ ಹಾಗಿರಲಿಲ್ಲ. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಮೇಲೆ ಚುಕ್ಕೆ ಮಿನುಗಿದರೆ ಎರಡನೇ ಮಷಿನ್ ಶುರು. ಎಂಥಾ ಕೆಲಸಗಾರಿಕೆ ಅದು!

ಜೊತೆಗೆ 35 ಎಂಎಂ ರೀಲಿನ ಡಬ್ಬಗಳಿವೆ. ಕೆಲವದರ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಫಿಲ್ಮ್ ಹಾಳಾಗುತ್ತಿರುವ ಗುರುತು ಅದು. ಪಕ್ಕದ ರೀಲಿಗೂ ಹರಡುತ್ತದೆ, ನಮ್ಮ ಕಡೆಯ ತೇವಕ್ಕೆ ಇನ್ನೂ ಜಾಸ್ತಿ. ಅಂಥವನ್ನು ಬೇರೆ ಇಟ್ಟಿದ್ದೇವೆ.

ಕಾರವಾರ, ಕುಮಟಾ, ಶಿರಸಿ ಕಡೆ ಆಪರೇಟರ್ ಆಗಿದ್ದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮಷಿನ್ ಬಿಚ್ಚುವಾಗ ಅವರು ಜೊತೆಗಿರಲೇಬೇಕು. ತೇವ ಹಿಡಿಯದ ಒಂದು ಕೋಣೆಯೂ ಬೇಕು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯಕ್ಕೆ ರೀಲು ಕೊಟ್ಟವರು ಇದ್ದರೆ, ಹೇಗೆ ಕಳಿಸಿದಿರಿ ಹೇಳಿ. ಹಳೇ ಟಿಕೆಟ್, ಹ್ಯಾಂಡ್‌ಬಿಲ್ ಮನೆಯಲ್ಲಿದ್ದರೆ ಸುಮ್ನೆ ಎಸೆಯಬೇಡಿ, ಫೋಟೋ ತೆಗೆದು ಇಲ್ಲೇ ಹಾಕಿ.