ಅಪ್‌ಡೇಟ್: ನನ್ನ ಎಡಿಟರ್ ಸ್ಕ್ರಿಪ್ಟಿನಲ್ಲಿ ಟ್ಯಾಬ್ ಕಂಪ್ಲೀಶನ್ ಬಂತು
ಪೈಥಾನ್‌ನಲ್ಲಿ ಬರೆದ ನನ್ನ ಪುಟ್ಟ ಎಡಿಟರ್ ಫೈಲ್ ಹೆಸರು ಕೇಳುವಾಗ ಟ್ಯಾಬ್ ಒತ್ತಿದರೆ ಬರೀ ಖಾಲಿ ಜಾಗ ಬರುತ್ತದೆ ಎಂದು ಕೇಳಿದ್ದೆ ಅಲ್ವಾ, ಅದು ಸರಿಹೋಯಿತು. ಈಗ ಮೊದಲ ಕೆಲವು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಉಳಿದ ಹೆಸರು ತಾನೇ ತುಂಬಿಕೊಳ್ಳುತ್ತದೆ (ಇದೇ ಟ್ಯಾಬ್ ಕಂಪ್ಲೀಶನ್). ಟೈಪ್ ಮಾಡುವ ಸಾಲನ್ನು ನೋಡಿಕೊಳ್ಳುವ ಪೈಥಾನ್‌ನ ರೀಡ್‌ಲೈನ್ ಮಾಡ್ಯೂಲ್ ಬಳಸಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಹೊಂದುವ ಹೆಸರುಗಳನ್ನು ಒಂದೊಂದಾಗಿ ಕೊಡುವ ಕಂಪ್ಲೀಟರ್ ಫಂಕ್ಷನ್ ಬರೆಯುವುದು ಸುಲಭವೇ. ರೀಡ್‌ಲೈನ್ ಅದನ್ನು 0, 1, 2 ಎಂದು ಎಣಿಸುತ್ತಾ ಮತ್ತೆ ಮತ್ತೆ ಕರೆಯುತ್ತದೆ. ಹೆಸರುಗಳು ಮುಗಿದಾಗ ‘None’ (ಏನೂ ಇಲ್ಲ ಎನ್ನುವ ಪೈಥಾನ್ ಮೌಲ್ಯ) ಕೊಟ್ಟರೆ ನಿಲ್ಲುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಬೇರೆ ವಿಷಯ. ‘ಪತ್ರ-ಅಮ್ಮ’ ಅನ್ನುವಂಥ, ನಡುವೆ ಅಡ್ಡಗೆರೆ ಇರುವ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು. ಅಡ್ಡಗೆರೆ (-), ಓರೆಗೆರೆ (/) ಎರಡನ್ನೂ ರೀಡ್‌ಲೈನ್ ಪದ ಮುರಿಯುವ ಗುರುತು ಎಂದೇ ತಿಳಿಯುತ್ತದೆ. ಅಂಥ ಗುರುತುಗಳ (ಡಿಲಿಮಿಟರ್) ಪಟ್ಟಿಯಿಂದ ಅವನ್ನು ತೆಗೆದೆ. ಪೂರ್ತಿ ಹೆಸರು ಬಂದಾಗ ಎಷ್ಟು ಖುಷಿಯಾಯಿತು!

ಗೆಳತಿಯ ಮ್ಯಾಕ್‌ನಲ್ಲಿ ಮಾತ್ರ ಟ್ಯಾಬ್ ಕೆಲಸ ಮಾಡಲಿಲ್ಲ. ಅಲ್ಲಿನ ಪೈಥಾನ್, ಅದೇ ಕೆಲಸ ಮಾಡುವ ಲಿಬ್‌ಎಡಿಟ್ ಎಂಬ ಬೇರೆ ಲೈಬ್ರರಿ ಬಳಸುತ್ತಿತ್ತು, ಅದಕ್ಕೆ ಟ್ಯಾಬ್ ಜೋಡಿಸುವ ಸಾಲೇ ಬೇರೆ. ಅದನ್ನೂ ಸೇರಿಸಿದ್ದೇನೆ.